ಲೆಮುರ್‌ಗಳು ನಮ್ಮ ಬಂಡೆಯ ಜೊತೆ ಹೋದವಲ್ಲ

ಸಂಪಾದಕರಿಗೆ ನಮಸ್ಕಾರ.

ಕ್ರಿಸ್‌ಮಸ್ ರಜೆಯಲ್ಲಿ ಅಕ್ಕನ ಮಕ್ಕಳನ್ನು ಕರೆದುಕೊಂಡು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗಿರುವ ಆ ಬಂಡೆ ಉಂಟಲ್ಲ, ಚಿಕ್ಕವನು ಒಂದೊಂದು ಕಂಬಕ್ಕೆ ಎಷ್ಟು ಮೂಲೆ ಅಂತ ಬೆರಳಿಟ್ಟು ಎಣಿಸುತ್ತಾ ಕೂತ. ದೋಣಿಯಲ್ಲಿ ಜೊತೆಗೆ ಬಂದಿದ್ದ ಹಿರಿಯರೊಬ್ಬರು ಅವನಿಗೆ ಪ್ರೀತಿಯಿಂದಲೇ ವಿವರಿಸಿದರು: ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ ನಮ್ಮಿಂದ ಬೇರೆಯಾದಾಗ ಹರಿದ ಲಾವಾ ಇದು, ಆಗ ಇಲ್ಲಿದ್ದ, ಮಂಗಗಳ ದೂರದ ನೆಂಟರಾದ ಲೆಮುರ್‌ಗಳೆಲ್ಲ ಆ ತುಂಡಿನ ಜೊತೆ ಹೋದವು, ನಮಗೆ ಉಳಿದದ್ದು ಕಾಡುಪಾಪ ಮಾತ್ರ. ಮೊದಲ ಮಾತು ಸರಿ. ಎರಡನೆಯದು ತಪ್ಪು. ಇದನ್ನೇ ವಾಟ್ಸ್ಯಾಪ್‌ನಲ್ಲೂ ಓದಿದ್ದೇನೆ, ಅದಕ್ಕೇ ಈ ಪತ್ರ.

ಲೆಕ್ಕ ನೋಡಿ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಅದು ಡೈನೋಸಾರ್‌ಗಳ ಕಾಲ. ಲೆಮುರ್ ಆಗಲಿ ಮಂಗ ಆಗಲಿ ಇನ್ನೂ ಹುಟ್ಟಿರಲೇ ಇಲ್ಲ. ಲೆಮುರ್‌ಗಳ ಪೂರ್ವಜರು ಮಡಗಾಸ್ಕರ್ ಸೇರಿದ್ದು ಅದಾಗಿ ಕೋಟಿಗಟ್ಟಲೆ ವರ್ಷಗಳ ಮೇಲೆ, ಅದೂ ನಮ್ಮ ಕಡೆಯಿಂದಲ್ಲ, ಆಫ್ರಿಕಾದಿಂದ. ನಡುವೆ ಕಡಿಮೆ ಎಂದರೂ 400 ಕಿಲೋಮೀಟರ್ ಸಮುದ್ರ. ಹೊಳೆಯ ನೆರೆಯಲ್ಲಿ ಕಿತ್ತು ಬಂದ ಮರಗಳ ಮೇಲೆ, ಒಂದೋ ಎರಡೋ ಸಲ, ಕೆಲವೇ ಕೆಲವು ಜೀವಗಳು ತೇಲಿಕೊಂಡು ದಾಟಿದವು ಎನ್ನುವುದು ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಮಾತು. ಆ ಕಾಲದ ಸಮುದ್ರದ ಸೆಳೆತ ಮಡಗಾಸ್ಕರ್ ಕಡೆಗೇ ಇತ್ತು ಅಂತ 2010ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ನಂಬಲು ಕಷ್ಟ ಅಲ್ವಾ? ನನಗೂ ಕಷ್ಟವೇ ಆಗಿತ್ತು. ಆದರೆ ಒಂದು ಆಟಿ ತಿಂಗಳ ಮಳೆಯಲ್ಲಿ ಕೋಡಿಬೆಂಗ್ರೆಯಲ್ಲಿ ನಿಂತಿದ್ದಾಗ ಸ್ವರ್ಣಾ ಹೊಳೆಯಲ್ಲಿ ಬೇರುಸಹಿತ ಒಂದು ಮರ ಬಂತು, ಬೇರಿನಲ್ಲಿ ಮಣ್ಣು, ಮಣ್ಣಿನಲ್ಲಿ ಹುಲ್ಲು, ಕೊಂಬೆಯ ತುದಿಯಲ್ಲಿ ಮೈ ಒದ್ದೆಯಾದ ಒಂದು ಅಳಿಲು. ಅದು ಅಳಿವೆ ದಾಟಿ ಕಡಲಿಗೆ ಹೋಗುವವರೆಗೆ ನೋಡಿದೆ.

ಹಾಗೆ ದಾಟಿದ ಬೆರಳೆಣಿಕೆಯ ಜೀವಗಳಿಂದ ಇವತ್ತು ನೂರಕ್ಕೂ ಜಾಸ್ತಿ ಜಾತಿಯ ಲೆಮುರ್‌ಗಳಾಗಿವೆ. ಅಲ್ಲಿ ಮಂಗಗಳ ಪೈಪೋಟಿ ಇರಲಿಲ್ಲ. ಪೂರ್ವಕ್ಕೆ ಮಳೆಕಾಡು, ಪಶ್ಚಿಮಕ್ಕೆ ಒಣ ಕಾಡು, ದಕ್ಷಿಣಕ್ಕೆ ಮುಳ್ಳುಕಾಡು. ಒಂದೊಂದು ಕಡೆ ಒಂದೊಂದು ಬದುಕು ಹಿಡಿದು ಬೇರೆಬೇರೆಯಾದವು. ಒಂದು ಜಾತಿಯ ಇಲಿ ಲೆಮುರ್ ಬರೀ 30 ಗ್ರಾಂ, ನಿಂಬೆಹಣ್ಣಿನಷ್ಟೂ ಭಾರ ಇಲ್ಲ. ಮರಕುಟಿಗ ಇಲ್ಲದ ಆ ನಾಡಿನಲ್ಲಿ ಅದರ ಕೆಲಸವನ್ನು ಆಯ್-ಆಯ್ ಎಂಬ ಲೆಮುರ್ ಮಾಡುತ್ತದೆ: ಕಡ್ಡಿಯಂಥ ನಡುಬೆರಳಿನಿಂದ ಮರ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗಿನ ಹುಳ ಎಳೆದು ತೆಗೆಯುತ್ತದೆ. ಇನ್ನು ಬಂಗಾರ ಬಣ್ಣದ ಬಿದಿರು ಲೆಮುರ್. ನಾವು ಕಣಿಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸಿ ನೆನೆಹಾಕುತ್ತೇವಲ್ಲ, ಅದರ ವಿಷ ಹೋಗಲಿ ಅಂತ? ಈ ಪ್ರಾಣಿ ಸಯನೈಡ್ ತುಂಬಿದ ಎಳೆ ಬಿದಿರನ್ನು ಹಸಿಹಸಿಯಾಗಿ ತಿಂದು ಆರಾಮಾಗಿರುತ್ತದೆ. ಗೊರಿಲ್ಲಾದಷ್ಟು ದೊಡ್ಡ ಲೆಮುರ್‌ಗಳೂ ಇದ್ದವು, ಮನುಷ್ಯ ಕಾಲಿಟ್ಟ ಮೇಲೆ ಅಳಿದುಹೋದವು. ಉಳಿದವುಗಳಲ್ಲೂ ಹೆಚ್ಚಿನವು ಅಪಾಯದಲ್ಲಿವೆ.

ಆ ಹಿರಿಯರದ್ದು ಹೊಸ ತಪ್ಪೇನಲ್ಲ. 1864ರಲ್ಲಿ ಸ್ಕ್ಲೇಟರ್ ಎಂಬ ಪ್ರಾಣಿವಿಜ್ಞಾನಿ ಹೆಚ್ಚುಕಡಿಮೆ ಹೀಗೇ ಯೋಚಿಸಿ, ಮುಳುಗಿಹೋದ ಒಂದು ಭೂಭಾಗವನ್ನೇ ಊಹಿಸಿ ಲೆಮೂರಿಯಾ ಅಂತ ಹೆಸರಿಟ್ಟ. ಕಾಡುಪಾಪ ಲೆಮುರ್‌ಗಳ ನೆಂಟ ಹೌದು. ಆದರೆ ಅದರ ಇನ್ನೂ ಹತ್ತಿರದ ನೆಂಟರು ಆಫ್ರಿಕಾದಲ್ಲಿ ಇವತ್ತಿಗೂ ಇವೆ, ನಂಟು ಆ ದಾರಿಯಲ್ಲಿ ಬಂದದ್ದು.

ನನ್ನ ಕೋರಿಕೆ ಇಷ್ಟೇ. ಮಲ್ಪೆಯಲ್ಲಿ ದೋಣಿಗೆ ಕಾಯುವ ಜಾಗದಲ್ಲಿ ಇದೆಲ್ಲ ಬರೆದ ಒಂದು ಕನ್ನಡ ಫಲಕ ಹಾಕಲಿ, ಬಂಡೆಯ ವಯಸ್ಸು ಮೇಲೆ, ಲೆಮುರ್‌ಗಳ ಪ್ರಯಾಣ ಅದರ ಕೆಳಗೆ, ಬೇರೆಬೇರೆಯಾಗಿ. ಸಂಬಂಧಪಟ್ಟವರು ಓದುವ ಹಾಗೆ ದಯವಿಟ್ಟು ಈ ಪತ್ರ ಪ್ರಕಟಿಸಿ.

ಇಂತಿ,
ಉಡುಪಿಯ ಒಬ್ಬ ಓದುಗ