ಲಂಡನ್: ಹಗಲಿಗೆ ಯುದ್ಧದ ಜಾಡು, ಸಂಜೆಗೆ ಪಬ್

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ಲಂಡನ್ ನೋಡಬೇಕೆನ್ನುವವರಿಗೆ ಟೂರ್ ಏಜೆಂಟರು ಚರ್ಚಿಲ್ ವಾರ್ ರೂಮ್ಸ್, ಎಚ್‌ಎಂಎಸ್ ಬೆಲ್‌ಫಾಸ್ಟ್, ಇಂಪೀರಿಯಲ್ ವಾರ್ ಮ್ಯೂಸಿಯಂ ಮೂರನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. ಅದು ಆಗುವ ಮಾತಲ್ಲ. ಬೆಲ್‌ಫಾಸ್ಟ್ ಒಂಬತ್ತು ಡೆಕ್‌ಗಳ ಯುದ್ಧನೌಕೆ. ಕಡಿದಾದ ಏಣಿಗಳನ್ನು ಹತ್ತಿಳಿಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅದನ್ನು ಕೈಬಿಟ್ಟರೆ, ಈ ಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣುವ, ಟಿಪ್ಪು ವಂಶದ ನೂರ್ ಇನಾಯತ್ ಖಾನ್ ಸ್ಮಾರಕಕ್ಕೆ ಸಮಯ ಸಿಗುತ್ತದೆ. ಕನ್ನಡಿಗರಿಗೆ ಅದೇ ಹತ್ತಿರದ್ದು.

ವಾರ್ ರೂಮ್ಸ್‌ಗೆ ಬೆಳಿಗ್ಗೆ 9.30ರ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಪಡೆಯಿರಿ. ದರ 30 ಪೌಂಡ್ ದಾಟಿದೆ, ಬೇಸಿಗೆಯಲ್ಲಿ ಬಾಗಿಲಲ್ಲಿ ನಿಂತು ಕೊಳ್ಳುತ್ತೇವೆಂದರೆ ವಾಪಸ್ ಬರಬೇಕಾದೀತು. 1939ರ ಆಗಸ್ಟ್ 27ರಂದು, ಯುದ್ಧ ಘೋಷಣೆಗೆ ಒಂದು ವಾರ ಮೊದಲು, ಬ್ರಿಟನ್ ಸರ್ಕಾರ ಯುದ್ಧ ನಡೆಸಿದ ಈ ನೆಲಮಾಳಿಗೆ ಕೆಲಸ ಶುರುಮಾಡಿತು. ಸಚಿವ ಸಂಪುಟ ಇಲ್ಲಿ 115 ಬಾರಿ ಸೇರಿದೆ. ಅಮೆರಿಕದ ಅಧ್ಯಕ್ಷರ ಜತೆ ಚರ್ಚಿಲ್ ಮಾತಾಡುತ್ತಿದ್ದ ಫೋನ್ ಕೋಣೆಯನ್ನು ಅವರ ಖಾಸಗಿ ಶೌಚಾಲಯವೆಂದು ನಂಬಿಸಲಾಗಿತ್ತು. ಆ ಮಾತನ್ನು ಗೂಢಗೊಳಿಸುವ ಯಂತ್ರ ದೊಡ್ಡದಾದ್ದರಿಂದ ಸೆಲ್ಫ್ರಿಜಸ್ ಅಂಗಡಿಯ ನೆಲಮಾಳಿಗೆಯಲ್ಲಿತ್ತು. ಓಣಿಗಳು ಇಕ್ಕಟ್ಟು, ದೊಡ್ಡ ಬ್ಯಾಗು ಬೇಡ. ಎರಡು ಗಂಟೆ ಇಟ್ಟುಕೊಳ್ಳಿ.

ಅಲ್ಲಿಂದ ಪಾರ್ಲಿಮೆಂಟ್ ಪಕ್ಕದಲ್ಲೇ ನಡೆದು ಲ್ಯಾಂಬೆತ್ ಸೇತುವೆ ದಾಟಿದರೆ, ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ. ಕೈಮುಗಿದು ಲ್ಯಾಂಬೆತ್ ರಸ್ತೆ ಹಿಡಿಯಿರಿ, ಹದಿನೈದು ನಿಮಿಷಕ್ಕೆ ಇಂಪೀರಿಯಲ್ ವಾರ್ ಮ್ಯೂಸಿಯಂ. ಪ್ರವೇಶ ಉಚಿತ. ಎಲ್ಲ ಮಹಡಿ ಮುಗಿಸುವ ಹಟ ಬೇಡ, ಎರಡನೇ ಮಹಾಯುದ್ಧದ ಗ್ಯಾಲರಿ ಸಾಕು. ನಾಜಿಗಳು ನಡೆಸಿದ ಯಹೂದಿಗಳ ನರಮೇಧದ (ಹಾಲೊಕಾಸ್ಟ್) ಗ್ಯಾಲರಿಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ.

ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಏಳಿ. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು. ಲ್ಯಾಂಬೆತ್ ನಾರ್ತ್ ನಿಲ್ದಾಣದಿಂದ ಟ್ಯೂಬ್ (ಸುರಂಗ ರೈಲು) ಹಿಡಿಯಿರಿ: ಬೇಕರ್ಲೂ ಲೈನ್, ಪಿಕಡಿಲಿ ಸರ್ಕಸ್‌ನಲ್ಲಿ ಬದಲಿಸಿ ಪಿಕಡಿಲಿ ಲೈನ್, ರಸೆಲ್ ಸ್ಕ್ವೇರ್‌ನಲ್ಲಿ ಇಳಿದರೆ ಗೋರ್ಡನ್ ಸ್ಕ್ವೇರ್ ಉದ್ಯಾನ ಕೆಲವೇ ನಿಮಿಷ. ಉದ್ಯಾನದೊಳಗೆ 2012ರಲ್ಲಿ ನೂರ್ ಅವರ ಎದೆಮಟ್ಟದ ಪ್ರತಿಮೆ ನಿಲ್ಲಿಸಿದ್ದಾರೆ. ಟಿಪ್ಪು ಸುಲ್ತಾನನ ವಂಶದ ಈ ಹೆಣ್ಣುಮಗಳು 1943ರ ಜೂನ್‌ನಲ್ಲಿ, ನಾಜಿಗಳ ವಶದಲ್ಲಿದ್ದ ಫ್ರಾನ್ಸ್‌ಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್. ಅಕ್ಟೋಬರ್‌ನಲ್ಲಿ ಸೆರೆಸಿಕ್ಕರು, 1944ರ ಸೆಪ್ಟೆಂಬರ್‌ನಲ್ಲಿ ಡಖಾವ್ ಶಿಬಿರದಲ್ಲಿ ಕೊಂದರು. ಮರಣೋತ್ತರ ಜಾರ್ಜ್ ಕ್ರಾಸ್ ಶೌರ್ಯ ಪದಕ ಬಂದಿದ್ದು 1949ರಲ್ಲಿ. ಅವರಿದ್ದ ಮನೆ ಪಕ್ಕದ ಟ್ಯಾವಿಟನ್ ಸ್ಟ್ರೀಟ್‌ನ 4ನೇ ನಂಬರ್, ಗೋಡೆಯ ಮೇಲೆ ನೀಲಿ ಫಲಕವಿದೆ.

ಸಂಜೆಯ ಪಬ್‌ಗಳೂ ಇಲ್ಲಿಂದ ನಡಿಗೆಯಲ್ಲೇ: ಲ್ಯಾಂಬ್ಸ್ ಕಾಂಡ್ಯುಯಿಟ್ ಸ್ಟ್ರೀಟ್‌ನ 'ದ ಲ್ಯಾಂಬ್', ಬ್ರಿಟಿಷ್ ಮ್ಯೂಸಿಯಂ ಎದುರಿನ 'ಮ್ಯೂಸಿಯಂ ಟ್ಯಾವರ್ನ್', ಹೈ ಹೋಬರ್ನ್‌ನ 'ಪ್ರಿನ್ಸೆಸ್ ಲೂಯಿಸ್'. ಮೇಜಿಗೆ ಬಂದು ಯಾರೂ ಆರ್ಡರ್ ಕೇಳುವುದಿಲ್ಲ, ಕೌಂಟರಿಗೆ ಹೋಗಿ ಹೇಳಿ ದುಡ್ಡು ಕೊಡಬೇಕು. ಕೈಪಂಪಿನಿಂದ ಎಳೆಯುವ ಕಾಸ್ಕ್ ಏಲ್ ಎಂಬ ಬಿಯರ್ 11ರಿಂದ 13 ಡಿಗ್ರಿಯಲ್ಲಿರುತ್ತದೆ, ನೊರೆಯೂ ಕಡಿಮೆ. ಕೆಟ್ಟಿದೆಯೆಂದು ಮುಖ ಸಿಂಡರಿಸಬೇಡಿ: ಪೀಪಾಯಿಯಲ್ಲೇ ಹುದುಗುವ ಅದಕ್ಕೆ ಹೊರಗಿನ ಗ್ಯಾಸ್ ಸೇರಿಸುವುದಿಲ್ಲ, ಐಸ್‌ನಂತೆ ತಣ್ಣಗಾದರೆ ರುಚಿ ಸಾಯುತ್ತದೆ. ವಿನೆಗರ್ ವಾಸನೆ ಬಂದರೆ ಮಾತ್ರ ಪೀಪಾಯಿ ತೆರೆದು ಬಹಳ ದಿನವಾಗಿದೆ. ಲೋಟ ಹಿಂದಿರುಗಿಸಿದರೆ ಒಳ್ಳೆಯ ಪಬ್‌ನವರು ಬೇರೆ ಕೊಡುತ್ತಾರೆ.

ಒಂದು ಪಿಂಟ್ ಎಂದರೆ 568 ಮಿ.ಲೀ. ಮೂರು ಕಡೆ ಹೋಗುವವರು ಹಾಫ್ ಪಿಂಟ್ ಕೇಳಲಿ, ಯಾರೂ ನಗುವುದಿಲ್ಲ. ಎಡವಟ್ಟಾಗುವುದು 'ರೌಂಡ್' ಪದ್ಧತಿಯಿಂದ: ನಾಲ್ವರಿದ್ದು ಒಬ್ಬೊಬ್ಬರೂ ಎಲ್ಲರಿಗೂ ಕೊಡಿಸಿದರೆ ತಲೆಗೆ ನಾಲ್ಕು ಪಿಂಟ್, ಅಲ್ಲಿಗೆ ಎರಡನೇ ಪಬ್ ಕಥೆ ಮುಗಿಯಿತು. ಕುಡಿಯದವರು ಲೈಮ್ ಸೋಡಾ ಹಿಡಿದು ಆರಾಮಾಗಿ ಕೂರಬಹುದು. ಸಸ್ಯಾಹಾರಿಗಳು ಚಿಪ್ಸನ್ನು (ಇಲ್ಲಿ ಫ್ರೆಂಚ್ ಫ್ರೈಸ್‌ಗೆ ಈ ಹೆಸರು) ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೆಯೇ ಎಂದು ಕೇಳಿಯೇ ಆರ್ಡರ್ ಕೊಡಲಿ. ಅಡುಗೆಮನೆ ಹಲವೆಡೆ ಒಂಬತ್ತಕ್ಕೇ ಮುಚ್ಚುತ್ತದೆ, ಊಟ ಮೊದಲು ಮುಗಿಸಿ. ಮಿಕ್ಕ ಬಿಯರ್ ಕ್ಯಾನನ್ನು ಟ್ಯೂಬ್ ರೈಲಿನಲ್ಲಿ ತೆರೆಯಬೇಡಿ. 2008ರಿಂದ ಅಲ್ಲಿ ಮದ್ಯಪಾನ ನಿಷಿದ್ಧ.

– ಓದುಗರು, ಲಂಡನ್