ಎಲ್ಮ್ ಬೋನ್ಸಾಯ್ ಕಿಟ್‌ನ ಕೈಪಿಡಿಯಲ್ಲಿರುವ ಹಾನಿಕರ ಸೂಚನೆಗಳ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಆರಂಭಿಕರಿಗಾಗಿ ಮಾರುತ್ತಿರುವ ಎಲ್ಮ್ ಬೋನ್ಸಾಯ್ ಕಿಟ್‌ನ ಕೈಪಿಡಿಯನ್ನು ತಿದ್ದುವ ಹಾಗೂ ನಷ್ಟ ಭರಿಸಿಕೊಡುವ ಬಗ್ಗೆ.

ಮಾನ್ಯರೇ,

ತಮ್ಮ ಸಂಸ್ಥೆಯಿಂದ ನಾನು ಖರೀದಿಸಿದ ಕಿಟ್‌ನಲ್ಲಿ ಎರಡು ಎಳೆಯ ಚೈನೀಸ್ ಎಲ್ಮ್ ಗಿಡಗಳು, ಆಳವಿಲ್ಲದ ಕುಂಡಗಳು, ಒಂದು ಸುರುಳಿ ಅಲ್ಯೂಮಿನಿಯಂ ತಂತಿ, ಒಂದು ಕತ್ತರಿ ಮತ್ತು ಒಂದು ಕೈಪಿಡಿ ಇದ್ದವು. ಗಿಡಗಳು ಬಂದಾಗ ಆರೋಗ್ಯವಾಗಿದ್ದವು, ಅದರ ಬಗ್ಗೆ ನನ್ನ ತಕರಾರಿಲ್ಲ. ಕೈಪಿಡಿಯಲ್ಲಿ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಮಾಡಿದ ಮೇಲೆ ಒಂದು ಗಿಡ ಸಂಪೂರ್ಣ ಒಣಗಿಹೋಯಿತು. ಇನ್ನೊಂದರ ಕಾಂಡದ ಸುತ್ತ ತಂತಿ ತೊಗಟೆಯೊಳಗೆ ಹೂತು ಆಳವಾದ ಗಾಯವಾಗಿದೆ. ಈ ಹಾನಿಗೆ ಕಾರಣ ಕೈಪಿಡಿಯ ಸೂಚನೆಗಳೇ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಬೇರು ಕತ್ತರಿಸುವುದು, ಕುಂಡ ಬದಲಿಸುವುದು, ಕೊಂಬೆ ಸವರುವುದು, ತಂತಿ ಸುತ್ತಿ ಬಗ್ಗಿಸುವುದು, ಇವಿಷ್ಟನ್ನೂ ಒಂದೇ ದಿನ ಮುಗಿಸಿಬಿಡಬೇಕು ಎಂದು ಕೈಪಿಡಿಯ ಮೊದಲ ಅಧ್ಯಾಯವೇ ಹೇಳುತ್ತದೆ. ಎಲ್ಮ್ ಗಟ್ಟಿ ಜಾತಿಯ ಮರವೆಂಬುದು ನಿಜ. ಚೆನ್ನಾಗಿ ಸವರಿದರೂ ಹಳೆಯ ಕೊಂಬೆಯಿಂದಲೇ ಮತ್ತೆ ಚಿಗುರುತ್ತದೆ, ಆದ್ದರಿಂದಲೇ ಕಲಿಯುವವರಿಗೆ ಇದನ್ನು ಶಿಫಾರಸು ಮಾಡುತ್ತಾರೆ. ಆದರೆ ಆ ಶಕ್ತಿ ಬರುವುದು ಬೇರು ಮತ್ತು ಎಲೆಗಳಿಂದ. ನೀರು ಎಳೆಯುವ ಬೇರನ್ನೂ ಆಹಾರ ತಯಾರಿಸುವ ಎಲೆಯನ್ನೂ ಒಟ್ಟಿಗೆ ತೆಗೆದು, ಅದರ ಮೇಲೆ ಕಾಂಡವನ್ನು ಬಗ್ಗಿಸಿ ಒಳಗಿನ ಅಂಗಾಂಶಕ್ಕೂ ಪೆಟ್ಟು ಕೊಟ್ಟರೆ, ಎಳೆಯ ಗಿಡ ಯಾವ ಬಲದಿಂದ ಚೇತರಿಸಿಕೊಳ್ಳಬೇಕು? ಬೇರಿನ ಕೆಲಸಕ್ಕೆ ಸೂಕ್ತ ಕಾಲವೆಂದರೆ ಚಳಿ ಮುಗಿಯುತ್ತಾ ಮೊಗ್ಗುಗಳು ಉಬ್ಬತೊಡಗಿ ಇನ್ನೂ ಎಲೆ ಬಿಡದ ಹೊತ್ತು. ಅದಾದ ಮೇಲೆ ಹೊಸ ಚಿಗುರು ಬಲವಾಗಿ ಬರುವವರೆಗೂ ತಂತಿಯ ಗೋಜಿಗೆ ಹೋಗಬಾರದು. ಕೈಪಿಡಿಯಲ್ಲಿ ಋತುವಿನ ಪ್ರಸ್ತಾಪವೇ ಇಲ್ಲ.

ತಂತಿಯ ವಿಷಯ ಇನ್ನೂ ಗಂಭೀರ. ಸಾಮಾನ್ಯವಾಗಿ ಅಲ್ಯೂಮಿನಿಯಂ ತಂತಿಯ ದಪ್ಪ ಬಗ್ಗಿಸಬೇಕಾದ ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟಿದ್ದು, ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಬೇಕು. ತಾವು ಕೊಟ್ಟಿರುವ ಒಂದೇ ಅಳತೆಯ ತಂತಿ ಸಣ್ಣ ಕೊಂಬೆಗಳಿಗಿಂತಲೂ ದಪ್ಪವಾಗಿದೆ, ಕೈಪಿಡಿಯ ಚಿತ್ರದಲ್ಲಿ ಅದನ್ನು ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಲಾಗಿದೆ. ಅದರ ಕೆಳಗೆ, ತಂತಿಯನ್ನು ಒಂದು ವರ್ಷ ಮುಟ್ಟಬಾರದು, ಬಳಿಕ ಬಿಚ್ಚಿ ಮತ್ತೆ ಬಳಸಬಹುದು ಎಂದು ಬರೆದಿದೆ. ಬೆಳವಣಿಗೆಯ ಕಾಲದಲ್ಲಿ ಎಳೆಯ ಎಲ್ಮ್ ಎಷ್ಟು ಬೇಗ ದಪ್ಪವಾಗುತ್ತದೆಂದರೆ ಕೆಲವೇ ವಾರಗಳಲ್ಲಿ ತಂತಿ ತೊಗಟೆಯನ್ನು ಕಚ್ಚಬಹುದು, ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ವಾರಕ್ಕೊಮ್ಮೆ ನೋಡಿ, ಬಿಗಿಯಾದ ಕೂಡಲೇ ಪ್ರತಿ ಸುತ್ತನ್ನೂ ಕಟರ್‌ನಿಂದ ತುಂಡರಿಸಿ ತೆಗೆಯಬೇಕೆಂಬುದು ಮೊದಲ ಪಾಠವಾಗಬೇಕಿತ್ತು. ಕಿಟ್‌ನಲ್ಲಿ ತಂತಿ ಕತ್ತರಿಸುವ ಕಟರ್ ಕೂಡ ಇಲ್ಲ.

ಅಸಲಿಗೆ ಎಲ್ಮ್‌ಗೆ ಇಷ್ಟೊಂದು ತಂತಿ ಬೇಕಾಗುವುದೇ ಇಲ್ಲ. ಚೀನಾದ ಲಿಂಗ್‌ನಾನ್ ಪ್ರದೇಶದ ಪೆಂಜಿಂಗ್ (ಕುಂಡದಲ್ಲಿ ಪುಟ್ಟ ಮರಗಳನ್ನು ಬೆಳೆಸುವ ಚೀನೀ ಕಲೆ) ಪರಂಪರೆಯು ಬೆಳೆಯಲು ಬಿಟ್ಟು ಕತ್ತರಿಸುವ ವಿಧಾನಕ್ಕೇ ಹೆಸರಾಗಿದೆ, ಆ ವಿಧಾನ ಎಲ್ಮ್‌ಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಎಲ್ಮ್‌ನ ಎಲೆಗಳು ಕುಡಿಯ ಎರಡೂ ಬದಿಗಳಲ್ಲಿ ಒಂದು ಬಿಟ್ಟು ಒಂದರಂತೆ ಮೂಡುತ್ತವೆ, ಪ್ರತಿ ಎಲೆಯ ಬುಡದಲ್ಲೂ ಒಂದು ಮೊಗ್ಗಿರುತ್ತದೆ. ಕುಡಿಯನ್ನು ಆರೆಂಟು ಎಲೆಗಳವರೆಗೆ ಬೆಳೆಯಲು ಬಿಟ್ಟು, ಬಳಿಕ ಎರಡು ಎಲೆ ಉಳಿಸಿ ಕತ್ತರಿಸಿದರೆ, ಕೊನೆಯ ಎಲೆ ಯಾವ ಕಡೆಗಿದೆಯೋ ಸಾಮಾನ್ಯವಾಗಿ ಹೊಸ ಕುಡಿಯೂ ಅದೇ ದಿಕ್ಕಿಗೆ ಹೊರಡುತ್ತದೆ. ಹೀಗೆ ಕತ್ತರಿಯೊಂದರಿಂದಲೇ ಕೊಂಬೆಗೆ ತಿರುವು, ಕವಲು ಎರಡನ್ನೂ ತರಬಹುದು. ಹೊಸಬರಿಗೆ ಇದಕ್ಕಿಂತ ಸುರಕ್ಷಿತವೂ ಸಂತೋಷದಾಯಕವೂ ಆದ ಕಲಿಕೆ ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ನಿಜಕ್ಕೂ ನೋವು ತಂದಿದೆ.

ಆಳವಿಲ್ಲದ ಕುಂಡದಲ್ಲಿ ನೆಟ್ಟು ಸವರುತ್ತಿದ್ದರೆ ಕೆಲವೇ ತಿಂಗಳಲ್ಲಿ ಕಾಂಡ ದಪ್ಪವಾಗುತ್ತದೆ ಎಂಬ ಭರವಸೆಯೂ ಸುಳ್ಳು. ಕಾಂಡ ದಪ್ಪವಾಗಬೇಕಾದರೆ ಗಿಡವನ್ನು ನೆಲದಲ್ಲೋ ದೊಡ್ಡ ಕುಂಡದಲ್ಲೋ ನೆಟ್ಟು ಕೆಲವು ವರ್ಷ ಸ್ವಚ್ಛಂದವಾಗಿ ಬೆಳೆಯಲು ಬಿಡಬೇಕು. ಪುಟ್ಟ ಕುಂಡವೂ ಪದೇ ಪದೇ ಸವರುವುದೂ ಆ ಬೆಳವಣಿಗೆಯನ್ನು ತಡೆಯುತ್ತವೆ. ಪೆಟ್ಟಿಗೆಯ ಮೇಲೆ ಕೋಣೆಯೊಳಗಿನ ಅಲಂಕಾರ ಗಿಡವೆಂದು ಮುದ್ರಿಸಿರುವುದನ್ನೂ ತೆಗೆಯಬೇಕು, ಏಕೆಂದರೆ ಮಂದ ಬೆಳಕಿನಲ್ಲಿ ಎಲ್ಮ್‌ನ ಕುಡಿಗಳು ಸೊರಗಿ ಉದ್ದವಾಗುತ್ತವೆ, ಎಲೆಗಳು ಉದುರುತ್ತವೆ.

ಈ ಹಿಂದೆ ನಾನು ಕಳಿಸಿದ ದೂರಿಗೆ, ಫಲಿತಾಂಶವು ಹವಾಮಾನ ಮತ್ತು ಆರೈಕೆಯನ್ನು ಅವಲಂಬಿಸಿರುತ್ತದೆ ಎಂಬ ಉತ್ತರ ಬಂದು, ದೂರನ್ನು ಮುಕ್ತಾಯಗೊಳಿಸಲಾಯಿತು. ನಾನು ಕೇಳಿದ್ದು ಕೈಪಿಡಿಯ ಬಗ್ಗೆ. ಅದಕ್ಕೆ ಉತ್ತರವೇ ಬಂದಿಲ್ಲ.

ಆದ್ದರಿಂದ ಕಿಟ್‌ನ ಪೂರ್ಣ ಹಣವನ್ನು ಹಿಂದಿರುಗಿಸಬೇಕೆಂದು ಕೋರುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಅನುಭವಿ ಬೋನ್ಸಾಯ್ ಬೆಳೆಗಾರರಿಂದ ಕೈಪಿಡಿಯನ್ನು ತಿದ್ದಿಸಿ, ಬೇರೆ ಬೇರೆ ದಪ್ಪದ ತಂತಿಗಳನ್ನೂ ಕಟರನ್ನೂ ಸೇರಿಸುವವರೆಗೆ ಈ ಕಿಟ್‌ನ ಮಾರಾಟವನ್ನು ನಿಲ್ಲಿಸಬೇಕು. ಈಗಾಗಲೇ ಕೊಂಡವರಿಗೆ, ತಂತಿಯನ್ನು ಕೂಡಲೇ ಪರೀಕ್ಷಿಸುವಂತೆ ತಕ್ಷಣ ತಿಳಿಸಬೇಕು. ಅವರ ಗಿಡಗಳನ್ನು ಉಳಿಸಲು ಇನ್ನೂ ಅವಕಾಶವಿರಬಹುದು. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಖರೀದಿ ರಸೀದಿಯ ಪ್ರತಿ, ಕೈಪಿಡಿಯ ಸಂಬಂಧಪಟ್ಟ ಪುಟಗಳು ಹಾಗೂ ಎರಡೂ ಗಿಡಗಳ ಛಾಯಾಚಿತ್ರಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ