ಗೆಳೆಯನಿಗೊಂದು ಪತ್ರ: ತಾಂಡಾದ ನಲ್ಲಿ

ಪ್ರೀತಿಯ ದೋಸ್ತ,

ಮಿರಗದ ಮಳೆ ಬಂದು ಹೋಯಿತು, ನೀನು ಮಾತ್ರ ಬರಲಿಲ್ಲ. ಫೋನ್ ಎತ್ತುತ್ತಿಲ್ಲ, ಬಸ್ ಸ್ಟ್ಯಾಂಡಿನ ಹೋಟೆಲಿಗೆ ಚಹಾ ಕುಡಿಯೋಕೂ ಬರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಧಾನಸಭೆ ಚುನಾವಣೆಯ ಈ ಸೋಲು ನನಗೂ ಗಂಟಲಲ್ಲಿ ಇಳಿದಿಲ್ಲ. ಗೆದ್ದವರ ಮೆರವಣಿಗೆ ಮನೆ ಮುಂದೆ ಹೋದಾಗ ಬಾಗಿಲು ಹಾಕಿಕೊಂಡು ಕೂತಿದ್ದೆ. ಪ್ರಚಾರದಲ್ಲಿ ಅವರು ಆಡಿದ ಮಾತುಗಳನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಆ ರಾತ್ರಿ ನೀನು ಅಂದದ್ದು ತಲೆಯಿಂದ ಹೋಗುತ್ತಿಲ್ಲ. ‘ತಾಂಡಾದವರು ರೊಕ್ಕ ತಗೊಂಡು ವೋಟು ಮಾರಿಕೊಂಡರು’ ಅಂದೆ. ನಾನೂ ಹೂಂ ಅಂದುಬಿಟ್ಟೆ.

ಅಕ್ರಮಕ್ಕೆ ಸಾಕ್ಷಿ ಇದ್ದರೆ 45 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು, ಪೀಠ ನಮ್ಮ ಕಲಬುರಗಿಯಲ್ಲೇ ಇದೆ. ನಮ್ಮ ಹತ್ತಿರ ಏನಿದೆ ಹೇಳು, ಬರೀ ಸಿಟ್ಟು.

ಮೊನ್ನೆ ಫಾರ್ಮ್ 20 ತೆಗೆದು ನೋಡಿದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ವೋಟು ಬಿತ್ತು ಅನ್ನೋದು ಅದರಲ್ಲಿ ಇರುತ್ತೆ. ತಾಂಡಾದ ಬೂತಿನಲ್ಲಿ ನಮಗೆ ಬಿದ್ದದ್ದು 41. ನಾನೇ ಅಲ್ಲಿ ನಮ್ಮ ಪಕ್ಷದ ಏಜೆಂಟ್ ಆಗಿ ಇಡೀ ದಿನ ಕೂತಿದ್ದೆ, ಅಲ್ವಾ? ಬಂದವರ ಹೆಸರಿಗೆಲ್ಲ ಗೀಟು ಹಾಕಿದ್ದೆ. ಅವರಲ್ಲಿ ಒಬ್ಬರ ಮನೆಯೂ ನನಗೆ ಗೊತ್ತಿರಲಿಲ್ಲ.

ಹೋದ ಭಾನುವಾರ ಹೋಗಿ ಬಂದೆ. ಮೊದಲ ಮನೆಯ ಅಂಗಳದಲ್ಲೇ ನಲ್ಲಿ ಇತ್ತು. ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಹಾಕಿ ಸರ್ಕಾರದವರು ಕೂಡಿಸಿದ ನಲ್ಲಿ. ಅದಕ್ಕೆ ಆಡು ಕಟ್ಟಿದ್ದರು. ತಿರುವಿ ನೋಡಿದೆ. ಒಂದಿಷ್ಟು ಗಾಳಿ ಬಂತು, ಒಂದು ಸಣ್ಣ ಜೇಡ ಹೊರಗೆ ಓಡಿತು. ಆ ಮನೆಯ ಮುದುಕಿ ಮೂರು ಕೊಡ ನೀರಿಗೆ ಬೆಳಿಗ್ಗೆ ಐದಕ್ಕೆ ಹೊಲದ ಬೋರಿಗೆ ಹೋಗುತ್ತಾಳೆ. ನಮಗ್ಯಾಕೆ ವೋಟು ಹಾಕಲಿಲ್ಲ ಅವ್ವಾ ಅಂತ ಕೇಳಿದೆ. ‘ಅವ್ರು ಏಪ್ರಿಲ್‌ದಾಗ ಎರಡು ಸಲ ಟ್ಯಾಂಕರ್ ಕಳಿಸಿದ್ರು. ನೀವು ಬರೀ ವೋಟಿನ ಚೀಟಿ ಕೊಟ್ಟು ಹೋದ್ರಿ’ ಅಂದಳು. ಸಿಟ್ಟಿನಿಂದಲ್ಲ, ಸುಮ್ನೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಚಹಾನೂ ಕೊಟ್ಟಳು. ಆ ಚಹಾದ ನೀರು ಎಲ್ಲಿಂದ ಬಂದದ್ದು ಅಂತ ಗೊತ್ತಿದ್ದೂ ಕುಡಿದೆ.

ಎರಡು ಟ್ಯಾಂಕರ್ ನೀರು ಎಷ್ಟು ದಿನ ಬಂದೀತು? ಅದನ್ನು ಕೇಳೋಕೆ ಈಗ ಸರಿಯಾದ ಸಮಯ. ಗೆದ್ದವರು ನಮಗೂ ಶಾಸಕರೇ. ಕ್ಷೇತ್ರದ ಕೆಲಸಕ್ಕೆ ಶಾಸಕರಿಗೆ ವರ್ಷಕ್ಕೆ 2 ಕೋಟಿ ನಿಧಿ ಇರುತ್ತೆ. ಅವರಿಗೇ ಅರ್ಜಿ ಕೊಡೋಣ, ಸ್ವೀಕೃತಿ ಸಹಿ ಹಾಕಿಸಿಕೊಳ್ಳೋಣ. ಪೈಪಿನ ಬಿಲ್ ಯಾರಿಗೆ ಪಾವತಿ ಆಗಿದೆ ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳೋಣ, 30 ದಿನದಲ್ಲಿ ಉತ್ತರ ಕೊಡಬೇಕು. ಗ್ರಾಮಸಭೆಯಲ್ಲೂ ಎತ್ತೋಣ. ಅವರು ಕೆಲಸ ಮಾಡಿದರೆ ಒಳ್ಳೆಯದಾಯಿತು ಅನ್ನೋಣ. ಮಾಡದಿದ್ದರೆ ಕಾಗದ ಕೈಯಲ್ಲಿ ಹಿಡಿದು ಮತ್ತೆ ಕೇಳೋಣ. ವಿರೋಧ ಅಂದರೆ ನನಗೆ ಇದೇ.

ಇನ್ನೊಂದು ಮಾತು. ನಿನ್ನ ಪಕ್ಕದ ಮನೆಯವನು ಅವರ ಕಡೆ ಓಡಾಡಿದ ಅಂತ ಮಾತು ಬಿಟ್ಟಿದ್ದೀಯ. ಹೋದ ವರ್ಷ ನಿನ್ನ ತೊಗರಿ ರಾಶಿಗೆ ರಾತ್ರಿ ಹನ್ನೆರಡರವರೆಗೆ ನಿಂತವನು ಅವನೇ. ನಿನ್ನೆ ಅವನನ್ನು ಕೇಳಿದೆ. ಅರ್ಜಿಗೆ ಸಹಿ ಹಾಕುತ್ತಾನಂತೆ, ಶಾಸಕರ ಹತ್ತಿರ ಜೊತೆಗೂ ಬರುತ್ತಾನಂತೆ.

ಅರ್ಜಿ ಮಾತ್ರ ನೀನೇ ಬರೆಯಬೇಕು. ನಿನ್ನಷ್ಟು ಚೊಕ್ಕ ಬರೆಯೋಕೆ ನನಗೆ ಬರಲ್ಲ. ತಾಂಡಾದಲ್ಲಿ 32 ಮನೆ ಸುತ್ತಿ ಹೆಸರು ಬರೆದುಕೊಂಡು ಬಂದಿದ್ದೇನೆ. ಮಂಗಳವಾರ ಸಂಜೆ ಹೋಟೆಲಿನಲ್ಲಿ ಕಾಯುತ್ತೇನೆ. ದಪ್ಪ ಕನ್ನಡಕದವ ಯಾಕೆ ಬರಲಿಲ್ಲ ಅಂತ ಮುದುಕಿ ಕೇಳಿದಳು. ಈ ಸಲ ಬರುತ್ತಾನೆ ಅಂತ ಹೇಳಿ ಬಂದಿದ್ದೇನೆ.

ನಿನ್ನ ಗೆಳೆಯ